‘ನಾನು’ ಇಲ್ಲದ ಹೊತ್ತು



ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಹೆಚ್ಚಿನವು ಮಕ್ಕಳ ವಿದ್ಯಾಭ್ಯಾಸ, ಮದುವೆಯ ಮಾತುಕತೆ, ಮನೆಯ ಹಿರಿಯರ ಆರೈಕೆ ಮುಂತಾದ ವಿಷಯಗಳನ್ನು ಕುರಿತಿರುತ್ತವೆ. ಕೆಲವು ತಿಂಗಳ ಹಿಂದೆ ಸರಗೂರಿನ ತಾಯಿಯೊಬ್ಬರಿಂದ ಬಂದ ಪತ್ರವು ಇವೆಲ್ಲಕ್ಕಿಂತ ಭಿನ್ನವಾಗಿತ್ತು. ಎರಡೇ ಪುಟದ ಆ ಪತ್ರದ ಸಾರ ಇಷ್ಟು: ‘ನನ್ನ ಮಗ ಮನೆಯಲ್ಲಿಯೇ ಇದ್ದಾನೆ, ಆದರೆ ತಾನು ಇಲ್ಲ ಎನ್ನುತ್ತಾನೆ. ಇದನ್ನು ಪುಣ್ಯವೆಂದು ತಿಳಿಯಬೇಕೋ ರೋಗವೆಂದು ತಿಳಿಯಬೇಕೋ ನನಗೆ ಗೊತ್ತಾಗುತ್ತಿಲ್ಲ. ನೀವು ಬಲ್ಲವರು, ಹೇಳಿ.’

ಪತ್ರಕ್ಕೆ ಪತ್ರದಲ್ಲಿಯೇ ಉತ್ತರಿಸುವುದು ನಮ್ಮ ವಾಡಿಕೆ. ಆದರೆ ಈ ಪ್ರಶ್ನೆಗೆ ಮೇಜಿನ ಮುಂದೆ ಕುಳಿತು ಉತ್ತರ ಬರೆಯುವ ಧೈರ್ಯ ನಮಗಾಗಲಿಲ್ಲ. ಒಂದು ಭಾನುವಾರ ಬೆಳಿಗ್ಗೆ ಮೈಸೂರಿನಿಂದ ಹೊರಟು, ಹೆಗ್ಗಡದೇವನಕೋಟೆಯಿಂದ ಬೇರ್ಪಟ್ಟು ಈಗ ತಾಲ್ಲೂಕು ಕೇಂದ್ರವಾಗಿರುವ ಸರಗೂರನ್ನು ತಲುಪಿದೆವು. ಕಪಿಲೆಯ ದಡದ ಊರು. ಸುತ್ತ ಹತ್ತಿ, ರಾಗಿಯ ಹೊಲಗಳು. ಆ ಮನೆಯವರ ಒಪ್ಪಿಗೆ ಪಡೆದು, ಅವರ ಗುರುತು ತಿಳಿಯದಂತೆ ಎಚ್ಚರ ವಹಿಸಿ, ಕಂಡದ್ದನ್ನು ಇಲ್ಲಿ ನಿವೇದಿಸುತ್ತಿದ್ದೇವೆ. ಏಕೆಂದರೆ ಇದು ಒಂದು ಮನೆಯ ಪ್ರಶ್ನೆಯಾಗಿ ಉಳಿದಿಲ್ಲವೆಂಬುದು ನಮ್ಮ ಅನಿಸಿಕೆ.

ಹುಡುಗನಿಗೆ ಇಪ್ಪತ್ತೊಂದು ವರ್ಷ. ಮೈಸೂರಿನಲ್ಲಿ ಓದುತ್ತಿದ್ದವನು ಪರೀಕ್ಷೆಗೆ ಮೊದಲೇ ಊರಿಗೆ ಮರಳಿದ್ದ. ನಾವು ಹೋದಾಗ ಜಗಲಿಯ ಮೇಲೆ ಕುಳಿತು ತನ್ನ ಅಂಗೈಯನ್ನೇ ನೋಡಿಕೊಳ್ಳುತ್ತಿದ್ದ. ಹತ್ತಿರ ಕುಳಿತು ಮೆಲ್ಲಗೆ ಮಾತಿಗೆಳೆದೆವು. “ಈ ಕೈ ನಂದೇ ಅಂತ ಗೊತ್ತು ಸಾರ್. ಆದ್ರೆ ನಂದು ಅನ್ಸಲ್ಲ. ಅವ್ವ ಮಾತಾಡಿದ್ರೆ ಗಾಜಿನ ಆಚೆ ಕಡೆಯಿಂದ ಮಾತಾಡ್ದಂಗೆ ಕೇಳ್ಸುತ್ತೆ” ಎಂದ. ಕಣ್ಣಿನಲ್ಲಿ ಆನಂದವಿರಲಿಲ್ಲ, ಭಯವಿತ್ತು.

ಮನೆಯಲ್ಲಿ ಆಗಲೇ ಮೂರು ಅಭಿಪ್ರಾಯಗಳು ಬೇರೂರಿದ್ದವು. ಅಜ್ಜಿಗೆ ಮೊಮ್ಮಗನು ದೊಡ್ಡ ಸ್ಥಿತಿಗೆ ಏರಿದ್ದಾನೆಂಬ ನಂಬಿಕೆ. “ಶಿವನಲ್ಲಿ ಸೇರ್ಬುಟ್ಟವ್ನೆ ನನ್ ಕೂಸು. ಅದ್ಕೇ ಅವ್ನಿಗೆ ನಾನು ಅನ್ನೋದು ಇಲ್ಲ” ಎಂದು ಅವರು ಕೈಮುಗಿದರು. ಸೋದರಮಾವನಿಗೆ ಇದು ಗಾಳಿಯ ಸೋಂಕು. ಅಮಾವಾಸ್ಯೆಯ ದಿನ ಬಿಡಿಸುವವರೊಬ್ಬರ ಬಳಿಗೆ ಕರೆದೊಯ್ಯಲು ದಿನವನ್ನೂ ಗೊತ್ತುಮಾಡಿದ್ದರು. ತಂದೆಗೆ ಇದು ಪರೀಕ್ಷೆ ತಪ್ಪಿಸಿಕೊಳ್ಳುವ ಸೋಗು. ತಾಯಿ ಮಾತ್ರ ಏನನ್ನೂ ನಿರ್ಧರಿಸದೆ, ಮಗನ ತಟ್ಟೆಯಲ್ಲಿ ಉಳಿದ ಅನ್ನವನ್ನು ದಿನವೂ ನೋಡುತ್ತಿದ್ದರು.

‘ನಾನು’ ಎಂಬುದನ್ನು ಕಳೆದುಕೊಳ್ಳುವುದು ನಮ್ಮ ಪರಂಪರೆಯಲ್ಲಿ ಬಹು ದೊಡ್ಡ ಮಾತು. ಷಟ್‌ಸ್ಥಲಗಳ ಕೊನೆಯ ಮೆಟ್ಟಿಲಾದ ಐಕ್ಯಸ್ಥಲವನ್ನು ವರ್ಣಿಸುವಾಗ ನಮ್ಮ ಪ್ರವಚನಕಾರರು ಈ ಮಾತನ್ನೇ ಹೇಳುತ್ತಾರೆ. ಹಾಗಾದರೆ ಆ ಅಜ್ಜಿಯ ಮಾತು ನಿಜವಿರಬಹುದೇ? ಅದೇ ಅಹಂಭಾವವು ರೋಗದಿಂದಲೋ ಮಾದಕ ವಸ್ತುವಿನಿಂದಲೋ ಕಳಚಿಬಿದ್ದರೆ ಅದನ್ನೂ ಐಕ್ಯವೆನ್ನಬಹುದೇ? ಒಂದನ್ನು ಇನ್ನೊಂದರಿಂದ ಬೇರ್ಪಡಿಸುವ ಒರೆಗಲ್ಲು ಯಾವುದು? ಈ ತಿಂಗಳ ವಿಚಾರ ಇದೇ.

ಮೊದಲಿಗೆ ನಮ್ಮ ಬಾಲ್ಯದ ಒಂದು ನೆನಪು. ನಮ್ಮ ದೊಡ್ಡಪ್ಪನವರು ವೀರಭದ್ರ ಕುಣಿತದವರು. ವರ್ಷವಿಡೀ ಸಾಧು ಸ್ವಭಾವದ ಒಕ್ಕಲಿನವರು. ಹಸುವಿಗೂ ಗದರಿ ಮಾತನಾಡಿದವರಲ್ಲ. ಉತ್ಸವದ ದಿನ ಮಿಂದು, ಲಿಂಗಪೂಜೆ ಮುಗಿಸಿ, ರುದ್ರಾಕ್ಷಿ ಧರಿಸಿ, ಕೈಯಲ್ಲಿ ಕತ್ತಿ ಹಿಡಿದು ನಿಂತರೆ ಅವರ ಮುಖವೇ ಬೇರೆಯಾಗುತ್ತಿತ್ತು. ಕರಡೆ, ತಾಳಗಳ ಗತಿ ಏರಿದಂತೆ, ದಕ್ಷಯಜ್ಞದ ಕಥೆಯ ಒಡಪು ಹೇಳುತ್ತ ಹೇಳುತ್ತ ಅವರು ನಮ್ಮ ದೊಡ್ಡಪ್ಪನಾಗಿ ಉಳಿಯುತ್ತಿರಲಿಲ್ಲ. ಹತ್ತಿರ ಹೋಗಲು ನಮಗೆ ಹೆದರಿಕೆ. ಆದರೆ ಎಲ್ಲ ಮುಗಿದು ಕಾಯಿ ಒಡೆದು, ಹಿರಿಯರೊಬ್ಬರು ಅವರ ಹಣೆಗೆ ವಿಭೂತಿ ಹಚ್ಚಿ, ನೀರು ಕುಡಿಸಿದ ಮೇಲೆ “ಮಕ್ಕಳು ಉಂಡ್ವಾ?” ಎಂದು ಕೇಳುತ್ತಿದ್ದರು. ಮರುದಿನ ನಸುಕಿನಲ್ಲಿ ಅವರು ಗದ್ದೆಯಲ್ಲಿರುತ್ತಿದ್ದರು.

ಆ ಕುಣಿತದಲ್ಲಿ ಕೆಲವೆಡೆ ದವಡೆಗೆ ಶಸ್ತ್ರ ಚುಚ್ಚಿಸಿಕೊಳ್ಳುವ ರೂಢಿಯೂ ಇತ್ತು. ಕರ್ನಾಟಕದ 2017ರ ಅಮಾನವೀಯ ದುಷ್ಟ ಪದ್ಧತಿಗಳ ತಡೆ ಕಾಯ್ದೆಯು ಅದನ್ನು ನಿಷೇಧಿಸಿದೆ, ಮತ್ತು ಅದು ಒಳ್ಳೆಯದೇ ಆಯಿತು. ಇಲ್ಲಿ ನಾವು ಎತ್ತಿ ತೋರಿಸಬಯಸುವುದು ಬೇರೊಂದು ಅಂಶವನ್ನು. ದೊಡ್ಡಪ್ಪನವರ ‘ನಾನು’ ಆ ಎರಡು ಗಂಟೆಗಳ ಕಾಲ ಎಲ್ಲಿಯೋ ಹೋಗುತ್ತಿತ್ತು; ಆದರೆ ಅದು ಹೋಗುವುದಕ್ಕೆ ಒಂದು ಬಾಗಿಲಿತ್ತು, ಮರಳುವುದಕ್ಕೂ ಒಂದು ಬಾಗಿಲಿತ್ತು. ಹೊತ್ತು ಗೊತ್ತಾಗಿತ್ತು, ಸುತ್ತ ಊರಿತ್ತು, ಹಿಡಿದು ನಿಲ್ಲಿಸುವ ಹಿರಿಯರಿದ್ದರು.

ಸರಗೂರು, ಕೋಟೆ ಭಾಗದ ಕಾಡಂಚಿನ ಹಾಡಿಗಳಲ್ಲಿ ಜೇನುಕುರುಬರ ನಡುವೆಯೂ ಹೀಗೆಯೇ. ಕಾಯಿಲೆ ಕಸಾಲೆ ಬಂದಾಗ ದೇವರೋ ಪೂರ್ವಿಕರೋ ಒಬ್ಬನ ಮೈಮೇಲೆ ಬಂದು ಮಾತನಾಡುತ್ತಾರೆಂದು ಅವರು ನಂಬುತ್ತಾರೆ. ಸುತ್ತ ಕುಳಿತ ಜನ ಸುಮ್ಮನೆ ಅಡ್ಡಬೀಳುವುದಿಲ್ಲ. ಪ್ರಶ್ನಿಸುತ್ತಾರೆ, ತಕರಾರು ಮಾಡುತ್ತಾರೆ, ತಮ್ಮ ಕಷ್ಟವನ್ನು ಕೈಕಾಯಬೇಕಾದವರು ನೀವಲ್ಲವೇ ಎಂದು ಜಗಳವನ್ನೂ ಆಡುತ್ತಾರೆ. ಮೈಮೇಲೆ ಬಂದವನು ಮರುದಿನ ಎಂದಿನಂತೆ ಕೂಲಿಗೋ ಕಾಡಿಗೋ ಹೋಗುತ್ತಾನೆ. ಅವನನ್ನು ಯಾರೂ ಪೀಠದ ಮೇಲೆ ಕೂರಿಸುವುದಿಲ್ಲ, ಯಾರೂ ಹುಚ್ಚನೆಂದು ದೂರವೂ ಇಡುವುದಿಲ್ಲ.

ಇನ್ನು ನಮ್ಮ ಶರಣರ ಕಡೆಗೆ ತಿರುಗೋಣ. ಹರಿಹರನ ಪ್ರಭುದೇವರ ರಗಳೆಯಲ್ಲಿ ಬರುವ ಪ್ರಸಂಗವನ್ನು ಬಹಳಷ್ಟು ಓದುಗರು ಬಲ್ಲರು. ಪ್ರಿಯೆಯಾದ ಕಮಲತೆಯು ಜ್ವರದಿಂದ ತೀರಿಕೊಂಡ ಮೇಲೆ ಅಲ್ಲಮನು ಮೈಮೇಲೆ ಅರಿವಿಲ್ಲದವನಂತೆ ಅಲೆಯುತ್ತಾನೆ. ಒಂದು ತೋಟದಲ್ಲಿ ಸುಮ್ಮನೆ ಕುಳಿತು ಕಾಲ್ಬೆರಳಿನಿಂದ ನೆಲ ಕೆರೆಯುತ್ತಿರುವಾಗ ಭೂಮಿಯೊಳಗಿನಿಂದ ಹೊನ್ನ ಕಳಶವೊಂದು ಕಾಣುತ್ತದೆ. ಅಗೆಸಿ ನೋಡಿದರೆ ಹೂತುಹೋದ ಗುಡಿ. ಒಳಗೆ ಅಂಗೈಯ ಲಿಂಗದಲ್ಲಿ ದೃಷ್ಟಿ ನೆಟ್ಟು ಕುಳಿತ ಅನಿಮಿಷಯ್ಯ. ಅನಿಮಿಷನೆಂದರೆ ರೆಪ್ಪೆ ಮಿಟುಕಿಸದವನು. ಆ ಲಿಂಗವು ಅಲ್ಲಮನ ಕೈಗೆ ಬರುತ್ತದೆ, ಅನಿಮಿಷನ ಪ್ರಾಣ ಹೋಗುತ್ತದೆ.

ಈ ಕಥೆಯನ್ನು ನಿಧಾನವಾಗಿ ನೋಡಿದರೆ ಒಂದೇ ಸ್ಥಳದಲ್ಲಿ ತಮ್ಮನ್ನು ಕಳೆದುಕೊಂಡ ಇಬ್ಬರು ಎದುರಾಗಿದ್ದಾರೆ. ಒಬ್ಬನು ದುಃಖದಿಂದ ಕಳೆದುಕೊಂಡವನು, ಇನ್ನೊಬ್ಬನು ಲಿಂಗದಲ್ಲಿ ಕಳೆದುಕೊಂಡವನು. ಹೊರಗಿನಿಂದ ನೋಡಿದವರಿಗೆ ಇಬ್ಬರೂ ಒಂದೇ: ಕರೆದರೆ ಕೇಳದವರು, ಹಸಿವು ತಿಳಿಯದವರು. ಮುಂದಿನ ಭಾಗವು ಇನ್ನೂ ಮುಖ್ಯವಾದುದು. ಲಿಂಗವನ್ನು ಪಡೆದ ಅಲ್ಲಮನು ಆ ನೆಲದಡಿಯ ಗುಡಿಯಲ್ಲಿಯೇ ಕುಳಿತುಬಿಡಲಿಲ್ಲ. ಹೊರಗೆ ಬಂದನು, ಊರೂರು ನಡೆದನು, ಕಲ್ಯಾಣದ ಅನುಭವ ಮಂಟಪದಲ್ಲಿ ನೂರಾರು ಜನರೊಡನೆ ಮಾತನಾಡಿದನು. ಬಯಲಿನ ಬಗೆಗೆ ಅವನಷ್ಟು ನುಡಿದವರು ಬೇರೊಬ್ಬರಿಲ್ಲ. ಎದುರಿಗಿರುವ ಮನುಷ್ಯನನ್ನು ಅವನಷ್ಟು ಎಚ್ಚರದಿಂದ ನೋಡಿದವರೂ ವಿರಳ.

ಶೂನ್ಯಸಂಪಾದನೆಯಲ್ಲಿ ಗೋರಕ್ಷನ ಪ್ರಸಂಗವಿದೆ. ಯೋಗದಿಂದ ತನ್ನ ದೇಹವನ್ನು ವಜ್ರದಂತೆ ಗಟ್ಟಿಮಾಡಿಕೊಂಡಿದ್ದ ಗೋರಕ್ಷನಿಗೆ ಕತ್ತಿ ತಾಗಿದರೆ ಖಣಿಲೆಂಬ ಸದ್ದು. ಅಲ್ಲಮನ ದೇಹಕ್ಕೆ ಬೀಸಿದ ಕತ್ತಿಯು ಗಾಳಿಯಲ್ಲಿ ಬೀಸಿದಂತೆ ಹಾದುಹೋಯಿತು. ಸಿದ್ಧಿಯನ್ನು ಪಡೆದವನಲ್ಲಿಯೂ ‘ನಾನು ಸಾಧಿಸಿದೆ’ ಎಂಬುದು ಇನ್ನಷ್ಟು ಗಟ್ಟಿಯಾಗಿ ಉಳಿಯಬಹುದೆಂಬುದನ್ನು ಹಿರಿಯರು ಈ ಕಥೆಯಲ್ಲಿ ಎಷ್ಟು ಸರಳವಾಗಿ ಹೇಳಿದ್ದಾರೆ! ಧ್ಯಾನದಲ್ಲಿ ಒಂದು ಕ್ಷಣ ತನ್ನನ್ನು ಮರೆತು, ಎದ್ದ ಮೇಲೆ ‘ನಾನು ನನ್ನನ್ನು ಮರೆತೆ’ ಎಂದು ಹತ್ತು ಜನರ ಮುಂದೆ ಹೇಳಿಕೊಳ್ಳುವವರಲ್ಲಿ ಅಹಂಕಾರವು ಕಡಿಮೆಯಾಗಿದೆಯೋ ಹೆಚ್ಚಾಗಿದೆಯೋ ಓದುಗರೇ ಯೋಚಿಸಲಿ.

ನಮಗೆ ಎಲ್ಲಕ್ಕಿಂತ ಪ್ರಿಯವಾದ ನಿದರ್ಶನ ಆಯ್ದಕ್ಕಿ ಲಕ್ಕಮ್ಮನದು. ಪತಿ ಮಾರಯ್ಯನು ನೆಲದ ಮೇಲೆ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವ ಕಾಯಕದವನು. ಒಮ್ಮೆ ಅನುಭಾವದ ಮಾತುಕತೆಯಲ್ಲಿ ಮುಳುಗಿ ಹೊತ್ತು ಹೋದದ್ದನ್ನೂ ಕಾಯಕವನ್ನೂ ಮರೆತನು. ಲಕ್ಕಮ್ಮನು ಅವನಿಗೆ ಕೈಮುಗಿದು ‘ಸಿದ್ಧಪುರುಷರಾದಿರಿ’ ಎನ್ನಲಿಲ್ಲ. ಮಂತ್ರವಾದಿಯನ್ನು ಕರೆಸಲೂ ಇಲ್ಲ. ಕಾಯಕವು ನಿಂತಿದೆ, ಹೋಗಿ ಮಾಡು ಎಂದು ಎಚ್ಚರಿಸಿದಳು. ಮತ್ತೊಮ್ಮೆ ಅವನು ಅಗತ್ಯಕ್ಕಿಂತ ಹೆಚ್ಚು ಅಕ್ಕಿ ತಂದಾಗ, ಹೆಚ್ಚಾದುದನ್ನು ಅಲ್ಲಿಯೇ ಸುರಿದು ಬರುವಂತೆ ಹೇಳಿದವಳೂ ಇವಳೇ. ಅನುಭಾವದ ಶಿಖರದಲ್ಲಿದ್ದವನನ್ನೂ ಮೊರದ ಅಕ್ಕಿಯ ಕಡೆಗೆ ಕರೆತರಬಲ್ಲ ಗೃಹಿಣಿಯನ್ನು ನಮ್ಮ ಪರಂಪರೆಯು ಗೌರವಿಸಿದೆ, ಅವಳ ಮಾತನ್ನು ಜೋಪಾನವಾಗಿ ಉಳಿಸಿಕೊಂಡಿದೆ.

ಇಷ್ಟಲಿಂಗ ಪೂಜೆಯ ಕ್ರಮದಲ್ಲಿಯೇ ಈ ವಿವೇಕವು ಅಡಗಿದೆ. ಕಣ್ಣು ಮುಚ್ಚಿ ಎಲ್ಲಿಯೋ ತೇಲಿಹೋಗುವ ಪೂಜೆಯಲ್ಲ ಇದು. ಎಡಗೈಯಲ್ಲಿ ಲಿಂಗ, ತೆರೆದ ಕಣ್ಣು, ಕಪ್ಪು ಕಂತಿಯ ಮೇಲೆ ಮಿನುಗುವ ಒಂದು ಬೆಳಕಿನ ಬಿಂದು. ಕೈ ಸ್ವಲ್ಪ ಅಲುಗಿದರೂ ಆ ಬಿಂದು ಅಲುಗುತ್ತದೆ. ಆದ್ದರಿಂದ ಸಾಧಕನು ನಿದ್ರೆಗೆ ಜಾರುವಂತಿಲ್ಲ. ನೋಟ ನಿಂತ ಹಾಗೆಲ್ಲ ನೋಡುವವನೆಂಬ ಭಾವ ತೆಳುವಾಗುವುದು ನಿಜ. ಆದರೆ ಪೂಜೆ ಮುಗಿದ ಮೇಲೆ ಲಿಂಗವನ್ನು ಮತ್ತೆ ಕರಡಿಗೆಯಲ್ಲಿಟ್ಟು, ಶಿವದಾರ ಸರಿಪಡಿಸಿಕೊಂಡು, ಪ್ರಸಾದ ಸ್ವೀಕರಿಸಿ, ಕೆಲಸಕ್ಕೆ ಏಳಬೇಕು. ಮರಳುವ ದಾರಿಯೂ ಪೂಜೆಯ ಅಂಗವೇ ಆಗಿದೆ. ಐಕ್ಯವು ಆರನೆಯ ಸ್ಥಲವೆಂಬುದನ್ನೂ ಮರೆಯಬಾರದು. ಭಕ್ತ, ಮಹೇಶ, ಪ್ರಸಾದಿ, ಪ್ರಾಣಲಿಂಗಿ, ಶರಣ ಎಂಬ ಐದು ಸ್ಥಲಗಳ ನಡೆ ನುಡಿಯ ಶುದ್ಧಿಯನ್ನು ಬದಿಗಿರಿಸಿ ಒಂದೇ ರಾತ್ರಿಯಲ್ಲಿ ಆರನೆಯದಕ್ಕೆ ಹಾರಿದವನನ್ನು ನಾವು ಕೇಳಿಲ್ಲ.

ಆಧುನಿಕ ವಿಜ್ಞಾನವು ಈ ಬಗೆಗೆ ಏನು ಹೇಳುತ್ತದೆಂಬ ಕುತೂಹಲವು ಸಹಜ. ಅಮೆರಿಕದ ವಿಲಿಯಂ ಜೇಮ್ಸ್ ಎಂಬ ಮನಶ್ಶಾಸ್ತ್ರಜ್ಞರು ನೂರಿಪ್ಪತ್ತು ವರ್ಷಗಳ ಹಿಂದೆಯೇ ಇದರ ವಿಚಾರ ಮಾಡಿದ್ದರು. ಹಲ್ಲಿನ ವೈದ್ಯರು ಬಳಸುತ್ತಿದ್ದ ನೈಟ್ರಸ್ ಆಕ್ಸೈಡ್ ಅನಿಲವನ್ನು ಅವರು ಸ್ವತಃ ಸೇವಿಸಿ, ಎಲ್ಲ ಭೇದಗಳೂ ಕರಗಿದಂಥ ಅನುಭವವನ್ನು ಕಂಡವರು. 1902ರಲ್ಲಿ ಪ್ರಕಟವಾದ, ಧಾರ್ಮಿಕ ಅನುಭವಗಳ ವೈವಿಧ್ಯವನ್ನು ಕುರಿತ ತಮ್ಮ ಪ್ರಸಿದ್ಧ ಗ್ರಂಥದಲ್ಲಿ ಅವರು ಇಂಥ ಅನುಭವಗಳನ್ನು ಅಲ್ಲಗಳೆಯಲಿಲ್ಲ. ಅವು ಎಲ್ಲಿಂದ ಹುಟ್ಟಿದವೆಂಬುದಕ್ಕಿಂತ ಬಾಳಿನಲ್ಲಿ ಯಾವ ಫಲ ಕೊಟ್ಟವೆಂಬುದರಿಂದ ಅವುಗಳ ಬೆಲೆ ಕಟ್ಟಬೇಕೆಂದು ವಾದಿಸಿದರು. ಲಕ್ಕಮ್ಮನ ಒರೆಗಲ್ಲೂ ಇದೇ ಅಲ್ಲವೇ?

2001ರಲ್ಲಿ ಮಾರ್ಕಸ್ ರೈಕಲ್ ಎಂಬ ವಿಜ್ಞಾನಿಯೂ ಸಂಗಡಿಗರೂ ಮಿದುಳಿನ ಒಂದು ವಿಶೇಷವನ್ನು ಗುರುತಿಸಿದರು. ನಾವು ಯಾವ ಕೆಲಸವನ್ನೂ ಮಾಡದೆ ಸುಮ್ಮನಿರುವಾಗ ಮಿದುಳಿನ ಕೆಲವು ಭಾಗಗಳು ಒಟ್ಟಾಗಿ ಹೆಚ್ಚು ಚುರುಕಾಗಿರುತ್ತವೆ. ನನ್ನ ನಿನ್ನೆ, ನನ್ನ ನಾಳೆ, ನನ್ನ ಬಗ್ಗೆ ಇತರರು ಏನೆಂದಾರು ಎಂಬ ಸ್ವಂತದ ಚಿಂತೆಗೆ ಈ ಭಾಗಗಳ ನಂಟು ಹೆಚ್ಚೆಂದು ಮುಂದಿನ ಸಂಶೋಧನೆಗಳು ತೋರಿಸಿದವು. 2011ರಲ್ಲಿ ಜಡ್ಸನ್ ಬ್ರೂವರ್ ಮತ್ತು ಸಂಗಡಿಗರು ಬಹುಕಾಲ ಧ್ಯಾನ ಮಾಡಿದವರ ಮಿದುಳಿನಲ್ಲಿ ಇವೇ ಭಾಗಗಳ ಚಟುವಟಿಕೆ ತಗ್ಗುವುದನ್ನು ಕಂಡರು. 2012ರಲ್ಲಿ ಬ್ರಿಟನ್ನಿನಲ್ಲಿ ರಾಬಿನ್ ಕಾರ್ಹಾರ್ಟ್–ಹ್ಯಾರಿಸ್ ಮತ್ತು ಸಂಗಡಿಗರು, ಕೆಲವು ಜಾತಿಯ ಅಣಬೆಗಳಲ್ಲಿರುವ ಸೈಲೋಸಿಬಿನ್ ಎಂಬ ಭ್ರಮಾಜನಕ ವಸ್ತುವನ್ನು ಪಡೆದವರಲ್ಲಿಯೂ ಹೆಚ್ಚುಕಡಿಮೆ ಅವೇ ಭಾಗಗಳು ತಣ್ಣಗಾಗುವುದನ್ನು ಕಂಡರು.

ಬೀಗ ಒಂದೇ, ಕೀಲಿಕೈ ಎರಡು ಎಂದು ಕೆಲವರು ಇದನ್ನು ಸಂಭ್ರಮದಿಂದ ಹೇಳುವುದುಂಟು. ನಾವು ಬೇರೊಂದು ಪಾಠವನ್ನು ಕಾಣುತ್ತೇವೆ. ಮಿದುಳಿನ ಚಿತ್ರವು ‘ನಾನು’ ತೆಳುವಾದುದನ್ನು ತೋರಿಸಬಲ್ಲದು. ಆ ಮನುಷ್ಯನು ಮನೆಗೆ ಮರಳಿ ಹೆಂಡತಿಯೊಡನೆ ಹೇಗೆ ಮಾತನಾಡಿದನು, ಆಳಿಗೆ ಸರಿಯಾದ ಕೂಲಿ ಕೊಟ್ಟನೇ ಎಂಬುದನ್ನು ತೋರಿಸಲಾರದು. ಅದನ್ನು ನೋಡಬೇಕಾದವರು ಮನೆಯವರೇ.

ನಮ್ಮ ನಾಡಿನಲ್ಲಿಯೂ ಈ ಎರಡು ಲೋಕಗಳನ್ನು ಸಮೀಪದಿಂದ ಕಂಡ ವೈದ್ಯರೊಬ್ಬರಿದ್ದರು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ಮನೋವೈದ್ಯ ಪ್ರಾಧ್ಯಾಪಕರಾಗಿದ್ದ ಡಾ. ಆರ್. ಎಲ್. ಕಪೂರ್ ಅವರು ಮಾರಿಸ್ ಕಾರ್‌ಸ್ಟೇರ್ಸ್ ಅವರೊಡನೆ ಕರಾವಳಿಯ ಕೋಟ ಗ್ರಾಮದಲ್ಲಿ ಜನರ ಮಾನಸಿಕ ಆರೋಗ್ಯವನ್ನು ಕುರಿತು ದೀರ್ಘ ಅಧ್ಯಯನ ನಡೆಸಿದರು. ಆ ಗ್ರಂಥ 1976ರಲ್ಲಿ ಹೊರಬಂದಿತು. ಮೈಮೇಲೆ ಬರುವುದೂ ಅವರ ಅಧ್ಯಯನದ ವಿಷಯಗಳಲ್ಲೊಂದು. ಅದೇ ಕಪೂರರು ಮುಂದೆ ಸಾಧು ಸನ್ಯಾಸಿಗಳನ್ನು ಹುಡುಕಿಕೊಂಡು ಹೋಗಿ, ಅವರ ಬದುಕನ್ನು ಮನೋವೈದ್ಯನ ಕಣ್ಣಿನಿಂದಲೂ ಜಿಜ್ಞಾಸುವಿನ ಮನಸ್ಸಿನಿಂದಲೂ ನೋಡಿ ಬರೆದ ಪುಸ್ತಕ ಅವರ ನಿಧನಾನಂತರ 2009ರಲ್ಲಿ ಪ್ರಕಟವಾಯಿತು. ವೈದ್ಯಶಾಸ್ತ್ರವೂ ಸಾಧನೆಯೂ ಪರಸ್ಪರ ಶತ್ರುಗಳಾಗಬೇಕಿಲ್ಲವೆಂಬುದಕ್ಕೆ ಅವರ ಬದುಕೇ ಸಾಕ್ಷಿ.

2022ರ ಜನವರಿಯಿಂದ ಜಾರಿಯಲ್ಲಿರುವ ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಪಟ್ಟಿಯೂ ಈ ಭೇದವನ್ನು ಮಾನ್ಯ ಮಾಡಿದೆ. ಒಂದು ಸಮುದಾಯವು ಒಪ್ಪಿಕೊಂಡಿರುವ ಆಚರಣೆಯ ಅಂಗವಾಗಿ ಬರುವ ಆವೇಶವನ್ನು ಅದು ರೋಗವೆಂದು ಕರೆಯುವುದಿಲ್ಲ. ಬೇಡವೆಂದರೂ ಬರುವ, ಆಚರಣೆಯ ಹೊರಗೆ ಬರುವ, ಬಾಳನ್ನು ಕೆಡಿಸುವ, ಸಂಕಟ ಕೊಡುವ ಆವೇಶವನ್ನು ಮಾತ್ರ ರೋಗವೆಂದು ಪರಿಗಣಿಸುತ್ತದೆ. ನಮ್ಮ ದೊಡ್ಡಪ್ಪನವರು ರೋಗಿಯಾಗಿರಲಿಲ್ಲವೆಂಬುದಕ್ಕೆ ಈಗ ಜಿನೀವಾದ ಒಪ್ಪಿಗೆಯೂ ದೊರೆತಂತಾಯಿತು!

ಈಗ ಸರಗೂರಿನ ಜಗಲಿಗೆ ಮರಳೋಣ. ಮಧ್ಯಾಹ್ನ ಊಟವಾದ ಮೇಲೆ ಹುಡುಗನೊಡನೆ ಹೊಲದ ಕಡೆಗೆ ಹೊರಟೆವು. ನಡೆಯುತ್ತ ನಡೆಯುತ್ತ ಅವನೇ ಬಾಯಿ ಬಿಟ್ಟ. ವಸತಿಗೃಹದ ಗೆಳೆಯರೊಡನೆ ಕೆಲವು ಸಲ ಗಾಂಜಾ ಸೇದಿದ್ದ. ಪರೀಕ್ಷೆಯ ಭಯದಿಂದ ಹಲವು ರಾತ್ರಿ ನಿದ್ರೆಗೆಟ್ಟಿದ್ದ. ಅಂಥದೊಂದು ರಾತ್ರಿ ಸೇದಿದಾಗ ಮೊದಲು ಎಲ್ಲವೂ ಒಂದೇ ಎಂಬ ಅಪಾರವಾದ ಸಂತೋಷ. ಅನಂತರ ತಾನು ಕರಗಿ ಇಲ್ಲವಾಗುತ್ತಿದ್ದೇನೆಂಬ ಭಯ. ಮರುದಿನ ಅಮಲು ಇಳಿಯಿತು, ಆದರೆ ಆ ಭಯವೂ ಗಾಜಿನ ಗೋಡೆಯೂ ಇಳಿಯಲಿಲ್ಲ. ಮನೆಯಲ್ಲಿ ಹೇಳಲು ನಾಚಿಕೆ. ಅಜ್ಜಿಯು ಕೈಮುಗಿದಾಗಲಂತೂ ನಿಜ ಹೇಳುವ ದಾರಿಯೇ ಮುಚ್ಚಿಹೋಯಿತು. “ಅಜ್ಜಿ ನನ್ನ ನೋಡಿ ಕೈಮುಗೀತಾರಲ್ಲ ಸಾರ್, ಆಗ್ಲೇ ಜಾಸ್ತಿ ಹೆದರಿಕೆ ಆಗೋದು” ಎಂದ. ಈ ಮಾತು ಇಂದಿಗೂ ನಮ್ಮ ಕಿವಿಯಲ್ಲಿದೆ.

ನಾವು ವೈದ್ಯರಲ್ಲ, ರೋಗನಿರ್ಣಯ ನಮ್ಮ ಕೆಲಸವಲ್ಲ. ಆದರೆ ತನ್ನಿಂದ ತಾನೇ ದೂರವಾದಂತೆ, ಲೋಕವು ಕನಸಿನಂತೆ ತೋರುವ ಈ ಸ್ಥಿತಿಯನ್ನು ಮನೋವೈದ್ಯರು ಚೆನ್ನಾಗಿ ಬಲ್ಲರು. ತೀವ್ರ ಆತಂಕ, ನಿದ್ರಾಹೀನತೆ, ಆಘಾತ, ಗಾಂಜಾ ಇವುಗಳಿಂದ ಇದು ಬರಬಹುದು. ಕ್ಷಣಮಾತ್ರದ ಅನುಭವವು ಬಹಳ ಮಂದಿಗೆ ಆಗಿರುತ್ತದೆ. ಸುಮಾರು ನೂರರಲ್ಲಿ ಒಬ್ಬಿಬ್ಬರಿಗೆ ಅದು ಬಿಡದೆ ಕಾಡುತ್ತದೆ. ‘ಕೈ ನನ್ನದೇ ಎಂದು ಗೊತ್ತು, ಹಾಗೆನಿಸುವುದಿಲ್ಲ’ ಎಂಬ ಆ ಹುಡುಗನ ಮಾತಿನಲ್ಲಿಯೇ ಒಂದು ಸಮಾಧಾನವಿದೆ: ವಾಸ್ತವದ ಅರಿವು ಅವನಲ್ಲಿ ಅಳಿದಿಲ್ಲ. ಅದರ ಬದಲು ಯಾರೂ ಇಲ್ಲದಲ್ಲಿ ಧ್ವನಿ ಕೇಳುವುದು, ಎಲ್ಲರೂ ತನಗೆ ಕೇಡು ಬಗೆಯುತ್ತಿದ್ದಾರೆಂಬ ಶಂಕೆ, ತಾನೇ ದೇವರೆಂಬ ದೃಢ ನಂಬಿಕೆ ಇಂಥವು ಕಂಡರೆ ಒಂದು ದಿನವನ್ನೂ ಕಳೆಯದೆ ವೈದ್ಯರಲ್ಲಿಗೆ ಹೋಗಬೇಕು. ಎಳೆಯ ವಯಸ್ಸಿನಲ್ಲಿ ಗಾಂಜಾ ಸೇವನೆಯು, ಅದರಲ್ಲಿಯೂ ಮನೆತನದಲ್ಲಿ ಮನೋರೋಗದ ಇತಿಹಾಸವಿದ್ದರೆ, ಅಂಥ ಅಪಾಯವನ್ನು ಹೆಚ್ಚಿಸುತ್ತದೆ. 1985ರ ಮಾದಕ ವಸ್ತುಗಳ ಕಾಯ್ದೆಯಂತೆ ಅದು ಅಪರಾಧವೂ ಹೌದು. ‘ಸಾಧು ಸಂತರೂ ಸೇದುತ್ತಾರಲ್ಲ’ ಎಂಬ ಸಮರ್ಥನೆಯನ್ನು ಮಕ್ಕಳು ಮಾಡುವುದುಂಟು. ಹೊಗೆಯಲ್ಲಿ ಕಳೆದ ‘ನಾನು’ ಹೊಗೆ ಆರಿದೊಡನೆ ಅದೇ ಆಸೆ, ಅದೇ ಭಯಗಳೊಡನೆ ಮರಳುತ್ತದೆಂಬುದೇ ಅದಕ್ಕೆ ಉತ್ತರ.

ಧ್ಯಾನ ಮಾಡುವವರಿಗೂ ಒಂದು ಮಾತು. ಹಲವು ದಿನ ಮೌನವಾಗಿ, ದಿನಕ್ಕೆ ಹತ್ತು ಹನ್ನೆರಡು ಗಂಟೆ ಕುಳಿತು ಮಾಡುವ ತೀವ್ರ ಅಭ್ಯಾಸಗಳಿಂದಲೂ ಕೆಲವರಿಗೆ ಇಂಥದೇ ಭಯ, ದೂರವಾದ ಭಾವ ಬರುವುದನ್ನು ಈಚಿನ ಅಧ್ಯಯನಗಳು ದಾಖಲಿಸಿವೆ. ಅನುಭವಿಯಾದ ಗುರುವಿನ ಸಮೀಪದಲ್ಲಿ, ಹಂತ ಹಂತವಾಗಿ ನಡೆಯಬೇಕೆಂದು ಹಿರಿಯರು ಹೇಳಿದ್ದು ಸುಮ್ಮನಲ್ಲ.

ಆ ಮನೆಯವರಿಗೆ ನಾವು ಹೇಳಿದ್ದು ನಾಲ್ಕೇ ಮಾತು. ಒಂದು, ಹುಡುಗನನ್ನು ಪೂಜಿಸಬೇಡಿ, ಬಯ್ಯಲೂ ಬೇಡಿ. ಎರಡು, ಅಮಾವಾಸ್ಯೆಯ ಪ್ರಯಾಣವನ್ನು ಕೈಬಿಡಿ. ದೆವ್ವ ಬಿಡಿಸುವ ನೆಪದಲ್ಲಿ ಹೊಡೆಯುವುದು, ಹಿಂಸಿಸುವುದು ಆಗಲೇ ಹೇಳಿದ 2017ರ ಕಾಯ್ದೆಯಡಿ ಶಿಕ್ಷಾರ್ಹ ಅಪರಾಧ. ಮೂರು, ಮನೋವೈದ್ಯರನ್ನು ಕಾಣಿ. ಹೋಗಲು ಸಂಕೋಚವಾದರೆ ಮೊದಲು 14416 ಎಂಬ ‘ಟೆಲಿ ಮಾನಸ್’ ದೂರವಾಣಿಗೆ ಕರೆ ಮಾಡಿ. 2022ರ ಅಕ್ಟೋಬರ್‌ನಲ್ಲಿ ಸರ್ಕಾರ ಆರಂಭಿಸಿದ ಈ ಸೇವೆಯು ಉಚಿತ, ಕನ್ನಡದಲ್ಲಿಯೂ ದೊರೆಯುತ್ತದೆ. ನಾಲ್ಕು, ನಿದ್ರೆ, ಊಟ, ಕೈಕೆಲಸ. ಮಣ್ಣು ಮುಟ್ಟಲಿ, ತಣ್ಣೀರಿನಲ್ಲಿ ಕೈ ತೊಳೆಯಲಿ, ಹಸುವಿಗೆ ಹುಲ್ಲು ಹಾಕಲಿ. ದೇಹದ ಸ್ಪರ್ಶಕ್ಕೆ, ಸುತ್ತಲಿನ ವಸ್ತುಗಳಿಗೆ ಮನಸ್ಸನ್ನು ಕರೆತರುವುದನ್ನು ವೈದ್ಯರೂ ಹೇಳಿಕೊಡುತ್ತಾರೆ. ನಮ್ಮ ಭಾಷೆಯಲ್ಲಿ ಅದಕ್ಕೆ ಕಾಯಕವೆಂಬ ಹೆಸರಿದೆ; ಔಷಧದ ಬದಲಾಗಿ ಅಲ್ಲ, ಔಷಧದ ಜೊತೆಗೆ.

ಸೋದರಮಾವನವರು ಸ್ವಲ್ಪ ಮುನಿದರು. ತಂದೆ ತಲೆ ತಗ್ಗಿಸಿ ಕುಳಿತರು. ಗಾಂಜಾದ ಮಾತನ್ನು ಹುಡುಗನೇ ಅವರೆದುರು ಹೇಳಿದ, ನಾವು ಹೇಳಲಿಲ್ಲ. ಎಲ್ಲರಿಗಿಂತ ಹೆಚ್ಚು ನೊಂದವರು ಅಜ್ಜಿ. ನಾವು ಹೊರಡುವಾಗ ಹತ್ತಿರ ಬಂದು, “ಹಂಗಾದ್ರೆ ನನ್ ಕೂಸಿಗೆ ಕಂಡಿದ್ದೆಲ್ಲ ಸುಳ್ಳಾ ಬುದ್ಧಿ?” ಎಂದು ಕೇಳಿದರು.

ಸುಳ್ಳೆಂದು ಹೇಳಲು ನಮಗೆ ಬಾಯಿ ಬರಲಿಲ್ಲ. ಎಲ್ಲವೂ ಒಂದೇ ಎಂಬ ಸಂತೋಷವನ್ನು ಅವನು ಒಂದು ಕ್ಷಣ ಕಂಡದ್ದು ನಿಜವೇ ಇರಬಹುದು. “ಅಜ್ಜೀ, ಬೇರೆಯವರ ತೋಟದ ಹಣ್ಣನ್ನು ಬೇಲಿ ಮುರಿದು ತಿಂದ ಹಾಗೆ. ಹಣ್ಣು ಸುಳ್ಳಲ್ಲ, ಆದರೆ ಅವನು ಗಿಡ ನೆಟ್ಟಿರಲಿಲ್ಲ, ಮುಳ್ಳು ಗೀರಿಬಿಟ್ಟಿದೆ. ಮೊದಲು ಗಾಯ ಮಾಯಲಿ. ಗಿಡ ನೆಡುವುದನ್ನು ಆಮೇಲೆ ನೀವೇ ಕಲಿಸಿ” ಎಂದೆವು. ಅವರು ಒಪ್ಪಿದರೋ ಇಲ್ಲವೋ ತಿಳಿಯದು. ಸೆರಗಿನಿಂದ ಕಣ್ಣೊರೆಸಿಕೊಂಡು ಒಳಗೆ ಹೋದರು.

ಮೊನ್ನೆ ಆ ತಾಯಿಯ ಎರಡನೆಯ ಪತ್ರ ಬಂದಿತು. ಚಿಕಿತ್ಸೆ ನಡೆಯುತ್ತಿದೆಯಂತೆ. ಗಾಜಿನ ಗೋಡೆ ಪೂರ್ತಿ ಕರಗಿಲ್ಲ, ಕೆಲವು ದಿನ ತೆಳುವಾಗುತ್ತದೆ, ಕೆಲವು ದಿನ ಮತ್ತೆ ದಪ್ಪವಾಗುತ್ತದೆಯಂತೆ. ಪರೀಕ್ಷೆಯನ್ನು ಮುಂದಿನ ವರ್ಷಕ್ಕೆ ಬಿಟ್ಟಿದ್ದಾರೆ. ಅಜ್ಜಿಯು ಈಗ ಮೊಮ್ಮಗನಿಗೆ ಕೈಮುಗಿಯುವುದಿಲ್ಲ; ಬೆಳಿಗ್ಗೆ ತಮ್ಮ ಪೂಜೆ ಮುಗಿದ ಮೇಲೆ ಅವನನ್ನು ಹತ್ತಿ ಬಿಡಿಸಲು ಕರೆದುಕೊಂಡು ಹೋಗುತ್ತಾರೆ. ಪತ್ರದ ಕೊನೆಯಲ್ಲಿ ಒಂದು ಸಾಲು: ಒಂದು ಸಂಜೆ ಹತ್ತಿಯ ಕಾಯಿಯ ತುದಿ ತಾಗಿ ಬೆರಳು ಗೀರಿದಾಗ ಅವನು ‘ಅವ್ವಾ, ನನ್ ಕೈ!’ ಎಂದು ಕೂಗಿದನಂತೆ. ‘ನನ್ನ’ ಎಂದದ್ದನ್ನು ಕೇಳಿ ಆ ತಾಯಿ ಅತ್ತರಂತೆ.

ಬಂಧುಗಳೇ, ‘ನಾನು’ ಎಂಬುದನ್ನು ಕಳೆದುಕೊಳ್ಳುವ ಮಾತನ್ನು ನಾವು ವೇದಿಕೆಗಳಲ್ಲಿ ಸುಲಭವಾಗಿ ಆಡುತ್ತೇವೆ. ಅದು ಕಳೆದುಹೋದ ಮನೆಯ ಸಂಕಟವನ್ನು ಕಂಡ ಮೇಲೆ ನಮಗೆ ಅಷ್ಟು ಸುಲಭವಾಗಿ ಆ ಮಾತು ಬರುತ್ತಿಲ್ಲ. ಶರಣರು ಕಳೆಯಬೇಕೆಂದದ್ದು ಅನ್ಯರನ್ನು ತುಳಿಯುವ ಅಹಂಕಾರವನ್ನು. ತಾಯಿಯ ಕರೆಗೆ ಓಗೊಡುವ ‘ನಾನು’ ಎಂಬುದನ್ನಲ್ಲ. ನಿಮ್ಮ ಮನೆಯಲ್ಲಿಯೂ ಯಾರಾದರೂ ತಾನಿಲ್ಲವೆಂದು ಹೇಳಿದರೆ, ಪಾದಕ್ಕೂ ಎರಗದೆ ಬೆತ್ತವನ್ನೂ ಹಿಡಿಯದೆ, ಮೊದಲು ಪಕ್ಕದಲ್ಲಿ ಕುಳಿತು ಕೇಳಿ: ಹೆದರಿಕೆಯಾಗುತ್ತಿದೆಯೇ? ನಿದ್ರೆ ಬರುತ್ತಿದೆಯೇ? ಉಂಡೆಯಾ?